ಊರು ಪಟ್ಟಣ ಆದ ಮೇಲೆ ರೈತಸಂಘ ಯಾಕೆ ಅನ್ನೋರಿಗೆ



ಮೊದಲು ಹೊಲದ ಸುದ್ದಿ ಹೇಳಿಬಿಡ್ತೀನಿ. ರಾಗಿ ಕುಯ್ದು ಮೆದೆ ಒಟ್ಟಿದ್ದೀವಿ, ಒಕ್ಕಣೆ ಇನ್ನೂ ಆಗಿಲ್ಲ. ಸಾಲು ಅವರೆ ಕಾಯಿ ಕಚ್ಚಿದೆ. ಇಬ್ಬನಿ ಚೆನ್ನಾಗಿ ಬೀಳ್ತಿರೋದ್ರಿಂದ ಈ ಸಲ ಸೊಗಡು ಜೋರಾಗಿದೆ. ಹುರುಳಿ ಸುಮಾರು. ಎರಡು ಎಕರೆ ಹತ್ತು ಗುಂಟೆಯವನಿಗೆ ಇಷ್ಟು ಬಂದರೆ ಬೇಜಾರಿಲ್ಲ. ಬೆಳೆ ವಿಚಾರ ಮುಂದಿನ ವಾರ ಬರೀತೀನಿ. ಇವತ್ತು ಬೇರೆ ವಿಷಯ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮೂರ ರೈತಸಂಘದ ಗ್ರಾಮ ಘಟಕ ಮುಚ್ಚಬೇಕು ಅಂತ ಒಂದು ಪ್ರಸ್ತಾಪ ಬಂದಿದೆ. ಬಾಯಿಮಾತಲ್ಲ, ನಡಾವಳಿ ಪುಸ್ತಕದಲ್ಲಿ ಬರೆದಾಗಿದೆ. ಜನವರಿ ಮೊದಲ ಸೋಮವಾರ ಸೇರಿ ತೀರ್ಮಾನ ಮಾಡಬೇಕು. ನಮ್ಮ ಕಡೆ ಸೋಮವಾರ ಏರು ಕಟ್ಟಲ್ಲ, ಬಸವನ ದಿನ. ಅದಕ್ಕೇ ಮೊದಲಿಂದಲೂ ಘಟಕದ ಸಭೆ ಸೋಮವಾರ ಸಂಜೆನೇ. ಈಗ ಊರಲ್ಲಿ ಉಳಿದಿರೋದು ಮೂರು ಜೊತೆ ಎತ್ತು. ಸೋಮವಾರ ಮಾತ್ರ ಹಾಗೇ ಉಳಿದಿದೆ.

ಮುಚ್ಚಬೇಕು ಅನ್ನೋರು ಕೆಟ್ಟವರಲ್ಲ. ಅವರಲ್ಲಿ ಇಬ್ಬರು ನನಗಿಂತ ಹಳಬರು, ಜೈಲಿಗೆ ಹೋಗಿ ಬಂದವರು. ಅವರು ಕೊಡೋ ಕಾರಣ ಮೂರು. ಒಂದು, ಊರೇ ಈಗ ಊರಾಗಿ ಉಳಿದಿಲ್ಲ. ಮೈಸೂರಿನ ರಿಂಗ್ ರೋಡ್ ದಾಟಿ ಸಿಟಿ ನಮ್ಮ ಬದುವಿಗೆ ಬಂದು ನಿಂತಿದೆ, ಅರ್ಧಕ್ಕರ್ಧ ಜನ ಜಮೀನು ಮಾರಿ ಸೈಟು ಇಟ್ಕೊಂಡಿದ್ದಾರೆ, ಉಳಿದವರ ಮಕ್ಕಳು ಫ್ಯಾಕ್ಟರಿಗೋ ಡೆಲಿವರಿ ಕೆಲಸಕ್ಕೋ ಹೋಗ್ತಾರೆ. ಎರಡು, ಸಂಘ ಮೇಲ್ಮಟ್ಟದಲ್ಲಿ ಹೋಳು ಹೋಳಾಗಿದೆ. ಯಾರನ್ನಾದರೂ ಮಾತಾಡಿಸಿದರೆ ಮೊದಲ ಪ್ರಶ್ನೆ "ನೀವು ಯಾವ ಬಣ?" ಅಂತ. ಮೂರು, ಹಸಿರು ಶಾಲಿಗೆ ಮೊದಲಿನ ಮರ್ಯಾದೆ ಇಲ್ಲ. ಟೋಲ್ ಗೇಟಲ್ಲಿ ದುಡ್ಡು ಉಳಿಸೋಕೆ ಕಾರಿನ ಮುಂದೆ ಶಾಲು ಹಾಸ್ಕೊಂಡು ಓಡಾಡೋರನ್ನ ನೀವೂ ನೋಡಿದ್ದೀರಿ, ನಾನೂ ನೋಡಿದ್ದೀನಿ.

ಈ ಮೂರೂ ನಿಜ. ಮೂರನ್ನೂ ಒಪ್ಕೊಂಡೇ ಹೇಳ್ತಿದ್ದೀನಿ: ಘಟಕ ಮುಚ್ಚಬಾರದು. ಇನ್ನೂ ಹೇಳಬೇಕು ಅಂದ್ರೆ, ಊರು ಪಟ್ಟಣ ಆದಮೇಲೆ ಅದರ ಅಗತ್ಯ ಹೆಚ್ಚಾಗಿದೆ.

ಹುಡುಗರಿಗೆ ಗೊತ್ತಿಲ್ಲದೆ ಇರೋ ಹಳೆ ಕತೆ ಸ್ವಲ್ಪ ಹೇಳ್ತೀನಿ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯ್ತು. ಮಲಪ್ರಭಾ ನೀರು ಹೊಲಕ್ಕೆ ಸರಿಯಾಗಿ ಬರೋಕೆ ಮುಂಚೆ ಅಭಿವೃದ್ಧಿ ಕರದ ನೋಟಿಸು ಮನೆಗೆ ಬಂದಿತ್ತು. ಕೇಳೋಕೆ ಹೋದವರಿಗೆ ಗುಂಡು. ರೈತರು ಸತ್ತರು. ಈಗಲೂ ಜುಲೈ 21ನ್ನ ರೈತ ಹುತಾತ್ಮ ದಿನ ಅಂತ ಮಾಡ್ತೀವಿ. ಆ ಬೆಂಕಿ ಆರೋದರೊಳಗೆ, ಅದೇ ವರ್ಷ, ಕರ್ನಾಟಕ ರಾಜ್ಯ ರೈತ ಸಂಘ ಹುಟ್ತು. ಶಿವಮೊಗ್ಗ ಕಡೆಯಿಂದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಜೊತೆಗೆ ಕಾನೂನು ಪಾಠ ಹೇಳ್ತಿದ್ದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ. ನಮ್ಮ ಅಪ್ಪನ ಬಾಯಲ್ಲಿ ಅವರು ಕೊನೇವರೆಗೂ "ಪ್ರೊಫೆಸರ್ರು" ಅಷ್ಟೇ, ಹೆಸರು ಹೇಳ್ತಿರಲಿಲ್ಲ.

ಎಲ್ಲರೂ ನೆನಪಿಟ್ಕೊಂಡಿರೋದು ದೊಡ್ಡ ದೊಡ್ಡ ಹೋರಾಟಗಳನ್ನ. 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜದ ಕಂಪನಿ ಕಚೇರಿಗೆ ನುಗ್ಗಿದ್ದು, 1998ರಲ್ಲಿ ರಾಯಚೂರು ಕಡೆ ಪರೀಕ್ಷೆಗೆ ಹಾಕಿದ್ದ ಬಿಟಿ ಹತ್ತಿ ಗಿಡ ಕಿತ್ತು ಸುಟ್ಟಿದ್ದು, 1999ರಲ್ಲಿ ನೂರಾರು ರೈತರು ಯುರೋಪಿಗೆ ಹೋಗಿ ಅಲ್ಲಿನ ಬೀದೀಲಿ ನಿಂತು ಘೋಷಣೆ ಕೂಗಿದ್ದು. ಪಂಚೆ ಉಟ್ಕೊಂಡು ವಿಮಾನ ಹತ್ತಿದ ರೈತರ ಫೋಟೋ ಪೇಪರಲ್ಲಿ ಬಂದಾಗ ನಮ್ಮೂರಲ್ಲಿ ಹಬ್ಬ ಆಗಿತ್ತು. ಇವೆಲ್ಲ ಸರಿ. ಆದರೆ ಸಂಘದ ಬೇರು ಅಲ್ಲಿ ಇರಲಿಲ್ಲ.

ಬೇರು ಇದ್ದದ್ದು ಗ್ರಾಮ ಘಟಕದಲ್ಲಿ. ಸಂಘ ಕಟ್ಟಿದವರು ಕೆಳಗಿಂದ ಮೇಲಕ್ಕೆ ಅಂತ ಕಟ್ಟಿದರು: ಗ್ರಾಮ, ಆಮೇಲೆ ತಾಲ್ಲೂಕು, ಜಿಲ್ಲೆ, ರಾಜ್ಯ. ಊರಿನ ಘಟಕಕ್ಕೆ ತನ್ನ ದುಡ್ಡು ತನ್ನದು, ತನ್ನ ಹೋರಾಟ ತನ್ನ ತೀರ್ಮಾನ. ಮೇಲಿನವರ ಅಪ್ಪಣೆಗೆ ಕಾಯೋ ಹಾಗಿರಲಿಲ್ಲ. ಗಾಂಧೀಜಿ ಹೇಳಿದ ಹಳ್ಳಿ ಸ್ವರಾಜ್ಯದ ಮಾತನ್ನ ಪ್ರೊಫೆಸರ್ರು ಬರೀ ಭಾಷಣಕ್ಕೆ ಇಟ್ಕೊಳ್ಳದೆ ಸಂಘದ ಕಟ್ಟುಪಾಡಿಗೇ ತಂದರು. ಊರ ಬಾಗಿಲಲ್ಲಿ ಬೋರ್ಡು ಬಂತು, ಅನುಮತಿ ಇಲ್ಲದೆ ಸಾಲ ವಸೂಲಿಗೆ ಅಧಿಕಾರಿಗಳು ಒಳಗೆ ಬರೋ ಹಾಗಿಲ್ಲ ಅಂತ. ಸಾಲಕ್ಕೆ ಜಪ್ತಿ ಮಾಡಿಕೊಂಡು ಹೋದ ಸಾಮಾನನ್ನ ಸಂಘದವರೇ ಹೋಗಿ ವಾಪಸ್ ತರ್ತಿದ್ದರು, ಅದಕ್ಕೆ ಮರುಜಪ್ತಿ ಅಂತ ಹೆಸರು. ಮನೆ ಬಾಗಿಲು, ಪಾತ್ರೆ ಪಗಡ ಜಪ್ತಿ ಆದ ಒಕ್ಕಲಿಗೆ ಅದು ಏನು ಧೈರ್ಯ ಅಂತ ಇವತ್ತಿನವರಿಗೆ ಹೇಳಿದರೂ ಅರ್ಥ ಆಗಲ್ಲ. ಸಂಘದವರ ಮನೇಲಿ ಸಾಲ ಮಾಡಿ ಮದುವೆ ಮಾಡಬಾರದು ಅಂತ ಸರಳ ಮದುವೆಗಳು ಶುರುವಾದವು. ಹೋರಾಟ ಅಂದ್ರೆ ರಸ್ತೆ ತಡೆ ಒಂದೇ ಅಲ್ಲ, ಮನೆ ಒಳಗಿನ ಲೆಕ್ಕಾನೂ ಹೌದು ಅಂತ ತೋರಿಸಿದ್ದು ಊರಿನ ಘಟಕಗಳು.

ಈಗ ಬಣದ ಪ್ರಶ್ನೆಗೆ ಬರ್ತೀನಿ. ಪ್ರೊಫೆಸರ್ರು 2004ರ ಫೆಬ್ರವರಿ 3ಕ್ಕೆ ತೀರಿಕೊಂಡರು. ಅದಕ್ಕೆ ಮುಂಚೆಯೇ ಬಿರುಕು ಇತ್ತು, ಆಮೇಲೆ ಜಾಸ್ತಿ ಆಯ್ತು. ಯಾರದು ಸರಿ ಯಾರದು ತಪ್ಪು ಅಂತ ನಾನು ಪಟ್ಟಿ ಮಾಡಲ್ಲ. ನನ್ನ ಮಾತು ಇಷ್ಟೇ: ಬಣ ಆಗೋದು ವೇದಿಕೆ ಮೇಲೆ, ಟಿಸಿ ಸುಟ್ಟೋಗೋದು ಹೊಲದಲ್ಲಿ. ಸುಟ್ಟ ಟಿಸಿಗೆ ನಾವು ಯಾವ ಬಣ ಅಂತ ಗೊತ್ತಿರಲ್ಲ. ನಮ್ಮ ಘಟಕದಲ್ಲಿ ಎರಡು ಬಣದವರೂ ಇದ್ದಾರೆ, ಯಾವ ಬಣಕ್ಕೂ ಸೇರದವರು ಅದಕ್ಕಿಂತ ಜಾಸ್ತಿ ಇದ್ದಾರೆ. ಮೇಲಿನ ಜಗಳಕ್ಕೆ ಊರಿನ ಘಟಕ ಮುಚ್ಚೋದು ಅಂದ್ರೆ, ಅಣ್ಣತಮ್ಮಂದಿರು ಪಾಲಾದರು ಅಂತ ಬಾವಿ ಮುಚ್ಚಿದ ಹಾಗೆ.

ಘಟಕ ಏನು ಮಾಡ್ತದೆ ಅಂತ ಕೇಳೋರಿಗೆ ನಡಾವಳಿ ಪುಸ್ತಕ ತೆಗೆದು ತೋರಿಸ್ತೀನಿ. ದೊಡ್ಡದೇನೂ ಇಲ್ಲ. ಟಿಸಿ ಸುಟ್ಟಾಗ ಮೊದಲು ಒಬ್ಬೊಬ್ಬರೇ ಹೋಗಿ ಕೈ ಬಿಸಿ ಮಾಡ್ತಿದ್ದರು. ಘಟಕ ಬಂದ ಮೇಲೆ ಆ ಟಿಸಿ ಕೆಳಗಿನ ಎಲ್ಲಾ ಪಂಪ್‌ಸೆಟ್‌ಗಳ ಆರ್.ಆರ್. ನಂಬರ್ ಬರೆದು, ಎಲ್ಲರ ಸಹಿ ಹಾಕಿ, ಒಂದೇ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡು ಬರ್ತೀವಿ. ಅತ್ತೆ ಮಾವನ ಹೆಸರಲ್ಲೇ ಉಳಿದಿದ್ದ ಜಮೀನಿಗೆ ಪೌತಿ ಖಾತೆ ಆಗದೆ ಬೆಳೆ ಪರಿಹಾರ ಕಳ್ಕೊಂಡ ಒಬ್ಬ ಹೆಣ್ಣುಮಗಳಿಗೆ ವಂಶವೃಕ್ಷದಿಂದ ಹಿಡಿದು ಪಹಣೀಲಿ ಹೆಸರು ಬರೋವರೆಗೆ ಜೊತೆಗೆ ಓಡಾಡಿದ್ದು ಘಟಕ. ಮಾಹಿತಿ ಹಕ್ಕು ಅರ್ಜಿ ಹಾಕೋದು ಹೇಗೆ ಅಂತ ನಾನು ಕಲ್ತಿದ್ದು ಅಲ್ಲೇ. ಹತ್ತು ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಮೂವತ್ತು ದಿನದಲ್ಲಿ ಉತ್ತರ. ಎಸ್ಸೆಸ್ಸೆಲ್ಸಿ ಓದಿದವನು ಇಷ್ಟು ಕಲಿತರೆ ಕಚೇರಿ ಮುಂದೆ ಬೆನ್ನು ಬಗ್ಗಿಸಿ ನಿಲ್ಲೋದು ತಪ್ತದೆ. ಕಬ್ಬು ಬೆಳೆಯೋ ನೆಂಟರಿಗೆ ಕಾರ್ಖಾನೆ ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ತಡ ಆದರೆ ವರ್ಷಕ್ಕೆ ಶೇಕಡಾ 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ ಅಂತ ಹೇಳಿಕೊಟ್ಟಿದ್ದೂ ಇದೇ ಕಟ್ಟೆ.

ಒಂದು ಕೇಸು ಮಾತ್ರ ಬಿಡಿಸಿ ಹೇಳ್ತೀನಿ. ನಮ್ಮೂರ ಮೇಲುಗಡೆ ಒಂದು ಖಾಸಗಿ ಬಡಾವಣೆ ಎದ್ದಿತು. ಮೊದಲ ಮಳೆಗಾಲದಲ್ಲೇ ಹತ್ತೊಂಬತ್ತು ಒಕ್ಕಲ ಗದ್ದೆ, ಹೊಲದಲ್ಲಿ ಮೊಣಕಾಲುದ್ದ ನೀರು ನಿಂತುಹೋಯ್ತು. ರಾಗಿ ಪೈರು ಕೊಳೀತು. ಎಲ್ಲರೂ "ಈ ವರ್ಷ ಮಳೆ ಜಾಸ್ತಿ" ಅಂದರು. ಘಟಕದ ಹಳೇ ಅಧ್ಯಕ್ಷರು ಒಬ್ಬರು, ಈಗ ಎಂಬತ್ತರ ಹತ್ತಿರ, ಅವರು ಮಾತ್ರ "ಮಳೆಯಲ್ಲ ಕಣ್ರೋ, ಹಳ್ಳ ಎಲ್ಲೋ ಕಟ್ಕೊಂಡದೆ, ನಕ್ಷೆ ತಗ್ಸಿ" ಅಂದರು. ಗ್ರಾಮ ನಕ್ಷೆ ತೆಗೆಸಿದೆವು. ರಾಜಕಾಲುವೆ ಗೆರೆ ಸ್ಪಷ್ಟವಾಗಿ ಬಡಾವಣೆಯ ರಸ್ತೆ ಕೆಳಗೇ ಹಾದುಹೋಗಿತ್ತು. ಕಾಲುವೆ ಜಾಗಕ್ಕೆ ಎರಡು ಸಣ್ಣ ಸಿಮೆಂಟ್ ಪೈಪು ಹಾಕಿ ಮಣ್ಣು ಮುಚ್ಚಿದ್ದರು.

ಅರ್ಜಿ ಕೊಟ್ಟೆವು. ಒಂದು ಕಚೇರಿ "ನಮ್ಮದಲ್ಲ, ಅವರದು" ಅಂತು. ಅವರು "ಸರ್ವೆ ಆಗಲಿ" ಅಂದರು. ಸರ್ವೆಯವರು "ಪೊಲೀಸ್ ಬಂದೋಬಸ್ತ್ ಬೇಕು" ಅಂದರು. ಹದಿನಾಲ್ಕು ತಿಂಗಳು. ಒಬ್ಬೊಬ್ಬರೇ ಆಗಿದ್ದರೆ ಮೂರನೇ ಸಲಕ್ಕೇ ಬಿಟ್ಟುಬಿಡ್ತಿದ್ದರು, ಕೂಲಿ ಕಳ್ಕೊಂಡು ಎಷ್ಟು ಸಲ ಹೋಗ್ತಾರೆ? ಘಟಕ ಸರದಿ ಹಾಕ್ತು. ಪ್ರತಿ ಸಲ ಮೂವರು, ಬಸ್ ಚಾರ್ಜು ಸಂಘದ ದುಡ್ಡಲ್ಲಿ. ಹೋದವರು ಏನಾಯ್ತು ಅಂತ ಪುಸ್ತಕದಲ್ಲಿ ಬರೀಬೇಕು. ಆ ಬರೆದಿಟ್ಟ ದಿನಾಂಕಗಳೇ ಕೊನೆಗೆ ನಮ್ಮ ಕೈಹಿಡಿದದ್ದು. ಅಧಿಕಾರಿ ಬದಲಾದರೂ ಪುಸ್ತಕ ಬದಲಾಗಲಿಲ್ಲ. ಅಂತೂ ಪೈಪು ಕಿತ್ತು ಬಾಕ್ಸ್ ಚರಂಡಿ ಹಾಕಿದರು. ಪೂರ್ತಿ ಅಗಲ ಸಿಕ್ಕಿಲ್ಲ, ನಕ್ಷೆಯಲ್ಲಿರೋ ಅರ್ಧ ಸಿಕ್ಕಿದೆ. ನೀರು ಹರೀತಿದೆ. ಹೋದ ಎರಡು ಬೆಳೆಗೆ ಪರಿಹಾರ ಬರಲಿಲ್ಲ, ಅದೂ ಪುಸ್ತಕದಲ್ಲಿದೆ.

ಇದನ್ನ ಯಾಕೆ ಇಷ್ಟು ಬರೆದೆ ಅಂದ್ರೆ, ಊರು ಪಟ್ಟಣ ಆದರೆ ಇಂಥ ತಕರಾರು ಕಡಿಮೆ ಆಗಲ್ಲ, ಹೆಚ್ಚಾಗ್ತವೆ. ಆದರೆ ಕೇಳೋಕೆ ಇರೋ ಜಾಗ ಕಡಿಮೆ ಆಗ್ತದೆ. ಮುಚ್ಚಬೇಕು ಅನ್ನೋರು ಇದನ್ನ ಯೋಚನೆ ಮಾಡಬೇಕು.

2020ರ ಕೊನೆಗೆ ಮೈಸೂರು ಸುತ್ತ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಅಂತ ಮಾಡಿದರು. ಅದುವರೆಗೆ ಗ್ರಾಮ ಪಂಚಾಯಿತಿ ಆಗಿದ್ದ ಊರುಗಳು ಅದರೊಳಗೆ ಹೋದವು. ಅದೇ ಡಿಸೆಂಬರ್‌ನಲ್ಲಿ ರಾಜ್ಯದಲ್ಲೆಲ್ಲಾ ಗ್ರಾಮ ಪಂಚಾಯಿತಿ ಚುನಾವಣೆ ನಡೀತು, ಈ ಊರುಗಳಿಗೆ ಅದೂ ಇಲ್ಲ. ಪಟ್ಟಣ ಪಂಚಾಯಿತಿಗೂ ಚುನಾವಣೆ ಆಗದೆ ವರ್ಷಗಳು ಕಳೆದವು. ಸಿಟಿ ಕತೆಯೂ ಹಾಗೇ. 2018ರಲ್ಲಿ ಗೆದ್ದಿದ್ದ ಮೈಸೂರು ಮಹಾನಗರ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರ್‌ಗೆ ಮುಗೀತು, ಅಲ್ಲಿಂದ ಆಡಳಿತಾಧಿಕಾರಿ. ಈಗ ಎಲ್ಲಾ ಸೇರಿಸಿ ಬೃಹತ್ ಮೈಸೂರು ಅನ್ನೋ ಮಾತು ನಡೀತಿದೆ.

ಗ್ರಾಮ ಪಂಚಾಯಿತಿ ಏನು ಬಂಗಾರ ಆಗಿರಲಿಲ್ಲ. ಆದರೂ ಕಾನೂನು ಪ್ರಕಾರ ಗ್ರಾಮ ಸಭೆ ಅಂತ ಒಂದಿತ್ತು. ಪಟ್ಟೀಲಿ ಹೆಸರಿಲ್ಲ ಅಂದರೆ ಎದ್ದು ನಿಂತು "ಯಾಕ್ರೀ ಇಲ್ಲ?" ಅಂತ ಅಧ್ಯಕ್ಷರನ್ನ ಮುಖಕ್ಕೆ ಮುಖ ಕೊಟ್ಟು ಕೇಳಬಹುದಿತ್ತು. ಸದಸ್ಯ ಅಂದ್ರೆ ನಮ್ಮ ಬೀದಿಯವನೇ, ಬೆಳಗ್ಗೆ ಹಾಲು ಹಾಕೋಕೆ ಬಂದಾಗ ಹಿಡ್ಕೋಬಹುದಿತ್ತು. ಪಟ್ಟಣ ಆದ ಮೇಲೆ ಗ್ರಾಮ ಸಭೆ ಹೋಯ್ತು. ಉದ್ಯೋಗ ಖಾತ್ರಿ ಹಳ್ಳಿಗೆ ಮಾತ್ರ, ಕೂಲಿ ಹೆಣ್ಮಕ್ಕಳಿಗೆ ವರ್ಷಕ್ಕೆ ನೂರು ದಿನದ ಹಕ್ಕು ಹೋಯ್ತು. ಸದಸ್ಯರೂ ಇಲ್ಲ. ಒಂದು ಬೀದಿದೀಪಕ್ಕೂ ಅರ್ಜಿ ಹಿಡ್ಕೊಂಡು ಕಚೇರಿಗೇ ಹೋಗಬೇಕು.

ಇನ್ನೊಂದು ಗಂಭೀರವಾದ್ದು ಇದೆ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಭೂಮಿ ತಗೊಳ್ಳೋಕೆ ಮುಂಚೆ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು. ಅದನ್ನ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆ ಜೊತೆ ಸಮಾಲೋಚನೆ ಮಾಡಿ ನಡೆಸಬೇಕು ಅಂತ ನಾಲ್ಕನೇ ಸೆಕ್ಷನ್ ಹೇಳ್ತದೆ. ಚುನಾಯಿತ ಸದಸ್ಯರೇ ಇಲ್ಲದ ಊರಲ್ಲಿ ಸರ್ಕಾರ ಯಾರ ಜೊತೆ ಸಮಾಲೋಚನೆ ಮಾಡ್ತದೆ? ತಾನೇ ಕೂರಿಸಿದ ಆಡಳಿತಾಧಿಕಾರಿ ಜೊತೆ. ಸರ್ಕಾರ ಸರ್ಕಾರವನ್ನೇ ಕೇಳ್ತದೆ, ಸರ್ಕಾರ ಸರ್ಕಾರಕ್ಕೆ ಹೂಂ ಅಂತದೆ. ಇನ್ನೊಂದು ಕಡೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ರೈತ ಅಲ್ಲದವನೂ ಕೃಷಿ ಜಮೀನು ಕೊಳ್ಳಬಹುದು. ರಿಂಗ್ ರೋಡ್ ಪಕ್ಕದ ಊರಿಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಇಂಥ ಹೊತ್ತಲ್ಲಿ ಊರಿನವರೆಲ್ಲ ಕೂತು ಮಾತಾಡೋಕೆ ಉಳಿದಿರೋ ಒಂದೇ ಕಟ್ಟೆ ಸಂಘದ್ದು. ಅದನ್ನೂ ಕೈಯಾರೆ ಮುಚ್ಚೋಣವೇ?

ಕೆಳಗಿನ ಘಟಕ ಗಟ್ಟಿ ಇದ್ದರೆ ಏನಾಗ್ತದೆ ಅನ್ನೋಕೆ ದೇವನಹಳ್ಳಿ ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಬೇಕು ಅಂತ ಸರ್ಕಾರ ಹೊರಟಿತ್ತು. ಆ ಊರಿನವರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಪಕ್ಷ ಬದಲಾಯ್ತು, ಸರ್ಕಾರ ಬದಲಾಯ್ತು, ಅವರು ಏಳಲಿಲ್ಲ. 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡ್ತೀವಿ ಅಂತ ಘೋಷಣೆ ಮಾಡಿದರು. ಮೂರು ವರ್ಷದ ಮೇಲೆ ಮೂರು ತಿಂಗಳು. ಕೊನೆಗೆ ರಾಜ್ಯದ ಎಲ್ಲಾ ಸಂಘಟನೆಗಳು, ಸಾಹಿತಿಗಳು, ಕಲಾವಿದರು ಬಂದು ನಿಂತರು, ಒಪ್ತೀನಿ. ಆದರೆ ಬಂದು ನಿಲ್ಲೋಕೆ ಅಲ್ಲಿ ಒಂದು ಚಪ್ಪರ ಇತ್ತಲ್ಲ, ದಿನಾ ಬಂದು ಕೂರೋ ಊರಿನ ಜನ ಇದ್ದರಲ್ಲ. ಅದೂ ಸಿಟಿ ಪಕ್ಕದ ಊರೇ, ಅಲ್ಲೂ ಎಕರೆಗೆ ಕೋಟಿ ಮಾತಾಡೋರು ಇದ್ದರು.

ಈಗ ರಾಜಕೀಯದ ಮಾತು. "ಸಂಘಕ್ಕೆ ರಾಜಕೀಯ ಬೇಡ" ಅನ್ನೋರು ಕೆಲವರು, "ರಾಜಕೀಯ ಮಾಡದೆ ಸಂಘ ಯಾಕೆ" ಅನ್ನೋರು ಕೆಲವರು. ಇದು ಹಳೇ ಜಗಳ. 1989ರಲ್ಲಿ ಸಂಘದವರು ವಿಧಾನಸಭೆಗೆ ಹೋದರು, ಪ್ರೊಫೆಸರ್ರೂ ಧಾರವಾಡದಿಂದ ಗೆದ್ದರು. 1994ರಲ್ಲಿ ಕೆ.ಎಸ್. ಪುಟ್ಟಣ್ಣಯ್ಯನವರು ಪಾಂಡವಪುರದಿಂದ, ಮತ್ತೆ 2013ರಲ್ಲಿ ಮೇಲುಕೋಟೆಯಿಂದ. 2018ರ ಫೆಬ್ರವರಿಯಲ್ಲಿ ಕಬಡ್ಡಿ ನೋಡ್ತಾ ಇದ್ದ ಹಾಗೇ ಅವರು ಹೋಗಿಬಿಟ್ಟರು. 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಅದೇ ಮೇಲುಕೋಟೆಯಿಂದ ಗೆದ್ದರು. ನಲವತ್ತೈದು ವರ್ಷದ ಸಂಘಕ್ಕೆ ಸೀಟಿನ ಲೆಕ್ಕ ಕೈಬೆರಳಲ್ಲಿ ಮುಗೀತದೆ.

ನನ್ನ ಅಭಿಪ್ರಾಯ ಹೀಗಿದೆ. ಸಂಘ ರಾಜಕೀಯದ್ದೇ. ನೀರು ಯಾರಿಗೆ, ಕರೆಂಟು ಯಾವ ಹೊತ್ತಿಗೆ, ಜಮೀನು ಯಾರ ಕೈಗೆ ಅನ್ನೋದು ರಾಜಕೀಯ ಅಲ್ಲದೆ ಮತ್ತೇನು? ಆದರೆ ಚುನಾವಣೆ ರಾಜಕೀಯದ ಒಂದು ದಿನ, ಘಟಕ ಮಿಕ್ಕ ದಿನದ್ದು. ಪುಟ್ಟಣ್ಣಯ್ಯನವರು ಗೆದ್ದಿದ್ದು ಪಾಂಡವಪುರ ತಾಲ್ಲೂಕಿನ ಊರೂರಲ್ಲಿ ಘಟಕ ಇದ್ದದ್ದಕ್ಕೆ, ಜನ ತಮ್ಮ ಕೈಯಿಂದಲೇ ಖರ್ಚು ಹಾಕಿದ್ದಕ್ಕೆ. ಘಟಕ ಇಲ್ಲದ ಕಡೆ ಶಾಲು ಹಾಕ್ಕೊಂಡು ನಿಂತವರ ಗತಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಒಂದು ಕಟ್ಟುಪಾಡು ಮಾಡೋಣ ಅಂತ ನಾನು ಹೇಳ್ತಿದ್ದೀನಿ. ನಮ್ಮ ಘಟಕದ ಯಾರು ಬೇಕಾದರೂ ಚುನಾವಣೆಗೆ ನಿಲ್ಲಲಿ, ಯಾವ ಪಕ್ಷದಿಂದ ಆದರೂ ನಿಲ್ಲಲಿ. ನಿಲ್ಲೋ ದಿನ ಘಟಕದ ಪದವಿ ಬಿಡಬೇಕು, ಪುಸ್ತಕ, ಲೆಕ್ಕ ಒಪ್ಪಿಸಬೇಕು. ಗೆದ್ದರೆ ನಮ್ಮ ಅರ್ಜಿ ಅವರ ಮುಂದೆ. ಸೋತರೆ ಒಂದು ವರ್ಷ ಬರೀ ಸದಸ್ಯ. ಅಧಿಕಾರ ಹುಡುಕೋರಿಗೆ ಸಂಘ ಏಣಿ ಆಗಬಾರದು, ಹಾಗಂತ ಅಧಿಕಾರ ಕಂಡರೆ ಮೈಲಿಗೆ ಅಂತಾನೂ ಅನ್ನಬಾರದು.

ಸದಸ್ಯತ್ವದ ವಿಷಯ ಇದಕ್ಕಿಂತ ಮುಖ್ಯ, ಇಲ್ಲಿ ನನ್ನ ಜೊತೆ ಜಗಳ ಆಡೋರೇ ಜಾಸ್ತಿ. ನಮ್ಮ ಘಟಕದ ಪಟ್ಟೀಲಿ ಮೊದಲಿಂದ ಇರೋದು ಯಾರು? ಪಹಣಿ ಇರೋ ಗಂಡಸರು. ಕಳೆ ಕೀಳೋರು, ನಾಟಿ ಹಾಕೋರು, ಹಸು ಸಾಕೋರು ಹೆಂಗಸರು, ಅವರ ಹೆಸರು ಎಲ್ಲಿ? ಕಾಲೋನಿಯವರು ತಲೆತಲಾಂತರ ಇದೇ ಹೊಲದಲ್ಲಿ ದುಡಿದಿದ್ದಾರೆ, ಅವರಿಗೆ ಗುಂಟೆ ಜಮೀನಿಲ್ಲ, ಅದಕ್ಕೆ ರೈತರಲ್ಲವಾ? 2005ರಲ್ಲಿ ದೇವನೂರ ಮಹಾದೇವ ಅವರಂಥವರು ರೈತ ಚಳವಳಿ, ದಲಿತ ಚಳವಳಿ ಒಂದೇ ಚಪ್ಪರದ ಕೆಳಗೆ ಬರಲಿ ಅಂತ ಸರ್ವೋದಯ ಕರ್ನಾಟಕ ಕಟ್ಟೋಕೆ ಕೈಹಾಕಿದ್ದು ಇದೇ ಕಾರಣಕ್ಕೆ. ಮೇಲೆ ಪಕ್ಷ ಒಂದಾಯ್ತು, ಕೆಳಗೆ ಕಟ್ಟೆ ಬೇರೆ ಬೇರೆಯೇ ಉಳೀತು. ಉದ್ಯೋಗ ಖಾತ್ರಿ ಹೋದಾಗ ಏಟು ತಿಂದಿದ್ದು ಕಾಲೋನಿ. ಆವತ್ತು ನಮ್ಮ ಘಟಕ ಒಂದು ಅರ್ಜಿ ಕೊಟ್ಟಿದ್ದರೆ ಇವತ್ತು ಸಭೆಗೆ ಜನ ಇಲ್ಲ ಅಂತ ಅಳಬೇಕಿರಲಿಲ್ಲ.

ಜಮೀನು ಮಾರಿದವರ ಬಗ್ಗೇನೂ ಒಂದು ಮಾತು. "ಮಾರ್ಕೊಂಡವರಿಗೆ ಸಂಘದಲ್ಲಿ ಏನ್ ಕೆಲ್ಸ ಬುಡಣ್ಣ" ಅಂತಾರೆ. ಮಗಳ ಮದುವೆಗೋ, ಆಸ್ಪತ್ರೆಗೋ, ಸಾಲಕ್ಕೋ ಮಾರಿದವನು ನಾಳೆ ನೀರಿನ ಬಿಲ್ಲು, ಕಂದಾಯ, ಖಾತೆ ಅಂತ ಅಲೀತಾನೆ. ಅವನಿಗೆ ಯಾರು ಜೊತೆ? ಬಡಾವಣೆಗೆ ಬಂದ ಹೊಸಬರು ಕೂಡ ನಮ್ಮ ಶತ್ರುಗಳಲ್ಲ. ಅವರ ಕೊಳಚೆ ನಮ್ಮ ಕೆರೆಗೆ ಬರ್ತದೆ, ನಿಜ. ಆದರೆ ಅವರೂ ಚರಂಡಿ ಬೇಕು ಅಂತಾನೇ ದುಡ್ಡು ಕೊಟ್ಟು ಸೈಟು ತಗೊಂಡವರು. ರಾಜಕಾಲುವೆ ವಿಷಯದಲ್ಲಿ ಬಡಾವಣೆಯ ಮೂರು ಮನೆಯವರು ನಮ್ಮ ಅರ್ಜಿಗೆ ಸಹಿ ಹಾಕಿದರು, ಅವರ ನೆಲಮಾಳಿಗೆಗೂ ನೀರು ನುಗ್ಗಿತ್ತು. ಆ ಮೂರು ಸಹಿ ಬಂದ ಮೇಲೆ ಕಚೇರಿಯವರ ದನಿ ಬದಲಾಯ್ತು ಅನ್ನೋದನ್ನ ಜೊತೆಗಿದ್ದವರು ನೋಡಿದ್ದಾರೆ. ಇಂಥವರಿಗೆ ಸಹಸದಸ್ಯ ಅಂತ ಜಾಗ ಕೊಡೋಣ. ಬೆಳೆ, ಬೆಲೆ, ಜಮೀನಿನ ತೀರ್ಮಾನಕ್ಕೆ ಅವರ ಕೈ ಎತ್ತೋದು ಬೇಡ. ಕೆರೆ, ಕಾಲುವೆ, ರಸ್ತೆ, ಕಸಕ್ಕೆ ಎತ್ತಲಿ.

ಮೈಸೂರಿನವರಿಗೆ ಇದು ಹೊಸದೇನಲ್ಲ. ನಾವು ಎಷ್ಟೋ ಸಲ ಸೇರಿ ಹೊರಡೋ ಪುರಭವನ ಯಾರ ಹೆಸರಲ್ಲಿದೆ ಗೊತ್ತಾ? ದಿವಾನ್ ರಂಗಾಚಾರ್ಲು ಅವರ ಹೆಸರಲ್ಲಿ. 1881ರ ದಸರಾ ಹೊತ್ತಿಗೆ ಇದೇ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದವರು ಅವರು. 144 ಜನ, ಜಮೀನುದಾರರು, ವರ್ತಕರು. ಅವರಿಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ, ಸರ್ಕಾರ ಏನು ಮಾಡಿತು ಅಂತ ಕೇಳಿಸಿಕೊಂಡು ತಮ್ಮ ಕಷ್ಟ ಅರಿಕೆ ಮಾಡಿಕೊಳ್ಳೋದು, ಅಷ್ಟೇ. ಅಷ್ಟರಿಂದ ಶುರುವಾಗಿ ಆಮೇಲೆ ಚುನಾವಣೆ ಬಂತು, ಹಕ್ಕು ಬಂತು. ರಾಜರ ಕಾಲದಲ್ಲೇ ಕೇಳೋಕೆ ಒಂದು ಸಭೆ ಬೇಕು ಅಂತ ಅನ್ನಿಸಿದ ಊರಿದು. ಈಗ ಪ್ರಜಾಪ್ರಭುತ್ವದಲ್ಲಿ, ಸಿಟಿ ಅಂಚಿನ ನಮ್ಮಂಥ ಊರುಗಳಿಗೆ ಅಂಥ ಒಂದು ಅರಿಕೆ ಸಭೆಯೂ ಇಲ್ಲ.

ಹುಡುಗರು ಬರಲ್ಲ ಅನ್ನೋದು ಕೊನೆಯ ದೂರು. ಬರಲ್ಲ, ಯಾಕೆ ಬರ್ತಾರೆ? ಸಭೆಯಲ್ಲಿ ನಾವು ಹಳಬರು ಎರಡು ಗಂಟೆ ಪ್ರೊಫೆಸರ್ ಕಾಲದ ಕತೆ ಹೇಳ್ತೀವಿ, ಅವರಿಗೆ ಎರಡು ನಿಮಿಷ ಕೊಡ್ತೀವಿ. ಮಾಹಿತಿ ಹಕ್ಕು ಅರ್ಜಿ, ಆನ್‌ಲೈನ್ ಪಹಣಿ, ಇ-ಖಾತೆ, ಸರ್ವೆ ನಕ್ಷೆ ಇವೆಲ್ಲ ಆ ಹುಡುಗರ ಬೆರಳ ತುದೀಲಿದೆ. ಕಾರ್ಯದರ್ಶಿ ಕೆಲಸ ಮೂವತ್ತು ದಾಟದವರಿಗೆ ಕೊಡಿ, ಖಜಾಂಚಿ ಒಬ್ಬ ಹೆಣ್ಣುಮಗಳಾಗಲಿ. ಸ್ತ್ರೀಶಕ್ತಿ ಗುಂಪಿನ ಲೆಕ್ಕ ಪೈಸೆ ತಪ್ಪದ ಹಾಗೆ ಇಡೋರು ನಮ್ಮ ಬೀದೀಲೇ ಇದ್ದಾರೆ. ಹಳಬರು ಹಿಂದೆ ಕೂತು, ಕೇಳಿದಾಗ ಹೇಳೋಣ. "ನಕ್ಷೆ ತಗ್ಸಿ" ಅಂದ ಯಜಮಾನರ ಹಾಗೆ.

ಖರ್ಚಿನ ಮಾತು ತೆಗೆದವರಿಗೆ ಲೆಕ್ಕ ಕೊಡ್ತೀನಿ. ವರ್ಷಕ್ಕೆ ಮನೆಗೆ ನೂರು ರೂಪಾಯಿ. ಬಾಡಿಗೆ ಇಲ್ಲ, ಅರಳಿಕಟ್ಟೆ ಇದೆ. ಒಂದು ಪುಸ್ತಕ, ಜೆರಾಕ್ಸ್, ಬಸ್ ಚಾರ್ಜು, ಟೀ. ತಿಂಗಳಿಗೆ ಒಂದು ಸಂಜೆ. ಇಷ್ಟೂ ಹೆಚ್ಚಾಯ್ತು ಅನ್ನೋದಾದರೆ, ನಾಳೆ ಜಮೀನಿಗೆ ನೋಟಿಸು ಬಂದಾಗ ಒಬ್ಬ ವಕೀಲರ ಮೊದಲ ಭೇಟಿಗೆ ಎಷ್ಟು ಅಂತ ಒಂದ್ಸಲ ವಿಚಾರಿಸಿ ನೋಡಿ.

ಜನವರಿ ಸಭೆಗೆ ನಾನು ಬರೆದುಕೊಡೋ ತಿದ್ದುಪಡಿ ನಾಲ್ಕು. ಹೆಸರು ಗ್ರಾಮ ಘಟಕ ಅಂತಲೇ ಇರಲಿ, ಪಟ್ಟಣ ಅಂತ ಸರ್ಕಾರ ಬರ್ಕೊಳ್ಳಲಿ. ಪಹಣಿ ಇರಲಿ ಬಿಡಲಿ ಹೊಲದಲ್ಲಿ ದುಡಿಯೋ ಎಲ್ಲರಿಗೂ, ಹೆಂಗಸರಿಗೂ ಕಾಲೋನಿಯವರಿಗೂ, ಪೂರ್ತಿ ಸದಸ್ಯತ್ವ. ಬಡಾವಣೆಯವರಿಗೆ ಸಹಸದಸ್ಯತ್ವ. ಚುನಾವಣೆಗೆ ನಿಲ್ಲೋರು ಪದವಿ ಬಿಡಬೇಕು. ಇದರ ಜೊತೆಗೆ ಪಟ್ಟಣ ಪಂಚಾಯಿತಿಗೆ, ಪಾಲಿಕೆಗೆ ಬೇಗ ಚುನಾವಣೆ ಮಾಡಿ ಅಂತ ಸಿದ್ದಾರ್ಥನಗರದ ಜಿಲ್ಲಾಧಿಕಾರಿ ಕಚೇರಿಗೆ ಒಂದು ಮನವಿ. ಸುತ್ತಲಿನ ಊರಿನವರು ಸೇರಿಕೊಂಡರೆ ಸಹಿ ಸಾವಿರ ದಾಟ್ತದೆ. ರೈತಸಂಘ ಚುನಾವಣೆ ಕೇಳೋದಾ ಅಂತ ನಗಬೇಡಿ. ಓಟಿನ ಹಕ್ಕು ಇಲ್ಲದ ಊರಲ್ಲಿ ನೀರಿನ ಹಕ್ಕೂ ಉಳಿಯಲ್ಲ.

ನಿಮ್ಮೂರಲ್ಲಿ ಘಟಕ ಇದೆಯಾ, ಸಭೆ ನಡೀತದಾ, ಪುಸ್ತಕ ಯಾರ ಹತ್ರ ಇದೆ, ಬರೀರಿ. ಮುಚ್ಚಿಹೋದ ಕಡೆಯವರು ಯಾಕೆ ಮುಚ್ಚಿತು ಅಂತ ಬರೆದರೆ ಇನ್ನೂ ಒಳ್ಳೇದು, ಸಭೇಲಿ ಓದಿ ಹೇಳ್ತೀನಿ. ಅವರೆಕಾಯಿ ಬೇಕಾದವರು ಮುಂದಿನ ವಾರದಿಂದ ಹೊಲಕ್ಕೇ ಬನ್ನಿ, ಬೆಳಗ್ಗೆ ಎಂಟರೊಳಗೆ.